ಬರ್ತೀನಿ ಎಂದು ಹೋದವರು

"ಟೇಕ್ ಅಲ್ಲ ಸರ್, ಬ್ರಿಂಗ್."

ಕೈಗೆ ಕೋಳ ಬಿದ್ದವನು ಹೇಳಿದ ಮಾತು ಅದು. ಇನ್‌ಸ್ಪೆಕ್ಟರ್ ಬಾಗಿಲ ಕಡೆ ತಿರುಗಿ ದಫೇದಾರನಿಗೆ, "ಟೇಕ್ ದಟ್ ಟ್ರೋಫಿ ಹಿಯರ್" ಎಂದು ಕೂಗಿ ಇನ್ನೂ ಬಾಯಿ ಮುಚ್ಚಿರಲಿಲ್ಲ.

"ಏನಂದೆ?"

"ತಪ್ಪು ತಿಳೀಬೇಡಿ ಸರ್, ಬಾಯಿ ತಡೀಲಿಲ್ಲ. ವಸ್ತು ನಮ್ಮ ಕಡೆಗೆ ಬರೋದಾದ್ರೆ ಬ್ರಿಂಗ್. ನಮ್ಮಿಂದ ಆಚೆಗೆ ಹೋಗೋದಾದ್ರೆ ಟೇಕ್. ನೀವು ಇಲ್ಲಿ ಕೂತು 'ಟೇಕ್ ಹಿಯರ್' ಅಂದ್ರೆ ಪಾಪ ಅವರು ಬರಬೇಕೋ, ಹೋಗಬೇಕೋ?"

ದಫೇದಾರ ಟ್ರೋಫಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹಲ್ಲು ಬಿಟ್ಟ. "ನನಗೆ ಅರ್ಥ ಆಯ್ತು ಬಿಡಿ ಮೇಷ್ಟ್ರೇ. ನಮ್ಮ ಸಾಹೇಬ್ರು ಯಾವ ಭಾಷೇಲಿ ಬೈದ್ರೂ ನನಗೆ ಅರ್ಥ ಆಗುತ್ತೆ. ನನಗೆ ಬರೋ ಇಂಗ್ಲಿಷ್ ಎರಡೇ. ಯೆಸ್ ಸರ್, ಮತ್ತೆ ಸಾರಿ ಸರ್."

ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ. ಈ ಮನುಷ್ಯನ ಎದುರು ಇಂಗ್ಲಿಷಿನಲ್ಲಿ ಬಾಯಿ ತೆರೆಯುವ ದರ್ದು ತನಗೆ ಏನಿತ್ತು? ಏನಿತ್ತೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕಿವಿ ಬಿಸಿಯಾಯಿತು.

ಇಂಗ್ಲಿಷ್ ಕಲಿಸುವ ಸಂಸ್ಥೆಯೊಂದರ ಪ್ರಿನ್ಸಿಪಾಲರು ತಮ್ಮ ಕೋಣೆಯಲ್ಲೇ, ಭಾಷಣ ಸ್ಪರ್ಧೆಯ ಹಿತ್ತಾಳೆ ಟ್ರೋಫಿಯ ಏಟಿಗೆ ಸತ್ತು ಬಿದ್ದಿದ್ದರು. ಆ ಸಂಜೆ ಅಲ್ಲಿದ್ದ ಒಬ್ಬನೇ ಮೇಷ್ಟ್ರು ಈಗ ಎದುರಿಗೆ ಕೂತಿದ್ದ. ಕಾಗದದ ಮೇಲೆ ಇದಿಷ್ಟೇ ಇತ್ತು. ಕಾಗದದ ಮೇಲೆ ಇಲ್ಲದ್ದು ಒಂದಿತ್ತು. ಇನ್‌ಸ್ಪೆಕ್ಟರನ ಹೆಂಡತಿ ಇದೇ ಮೇಷ್ಟ್ರ ವಿದ್ಯಾರ್ಥಿನಿ. ಅದನ್ನು ಅವನು ಮೇಲಧಿಕಾರಿಗೆ ಹೇಳಿರಲಿಲ್ಲ. ಹೇಳಿದ್ದರೆ ಕೇಸು ಬೇರೆಯವರ ಪಾಲಾಗುತ್ತಿತ್ತು. ಈ ಕೇಸು ಅವನಿಗೆ ಬೇಕಾಗಿತ್ತು.

ಕೆಲವು ತಿಂಗಳಿಂದ ಮನೆಯಲ್ಲಿ ಬೆಳಗಾದರೆ ಇವನದೇ ಪುರಾಣ. "ನಮ್ಮ ಮೇಷ್ಟ್ರು ಹೇಳ್ತಾರೆ, ರೈಸ್ ಅಂದ್ರೆ ತಾನಾಗೇ ಏಳೋದಂತೆ, ರೇಯ್ಸ್ ಅಂದ್ರೆ ಇನ್ನೊಂದನ್ನ ಎತ್ತೋದಂತೆ." ಮರುದಿನ, "ನಮ್ಮ ಮೇಷ್ಟ್ರು ಹೇಳ್ತಾರೆ, ಲೈ ಅಂದ್ರೆ ಮಲಗೋದು, ಲೇ ಅಂದ್ರೆ ಮಲಗಿಸೋದು." ಅವನು ತಲೆ ತಗ್ಗಿಸಿ ಊಟ ಮಾಡುತ್ತಿದ್ದ. 'ನಮ್ಮ' ಎಂಬ ಮಾತು ತುತ್ತಿನಲ್ಲಿ ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತಿತ್ತು.

ಹೋಗಲಿ, ನೋಡಲು ಚೆಲುವನಾಗಿದ್ದರೆ ಒಂದು ಸಮಾಧಾನವಿತ್ತು. ಮೇಷ್ಟ್ರು ಸಣಕಲು ಆಳು. ಅಂಗಿಯ ಕಾಲರು ಸವೆದಿತ್ತು, ಉಗುರಿನ ಸಂದಿಯಲ್ಲಿ ಸೀಮೆಸುಣ್ಣ. ಇಂಥವನಲ್ಲಿ ಅವಳು ಏನು ಕಂಡಳು? ಎಷ್ಟು ಹೊತ್ತು ದಿಟ್ಟಿಸಿದರೂ ಕಾಣಲಿಲ್ಲ. ಕಾಣದ್ದೇ ಹೆಚ್ಚು ಉರಿಯಿತು.

"ಮತ್ತೊಮ್ಮೆ ಹೇಳಿ ಮೇಷ್ಟ್ರೇ. ಆ ಸಂಜೆ ಎಲ್ಲಿದ್ರಿ?"

"ಲ್ಯಾಂಗ್ವೇಜ್ ಲ್ಯಾಬಿನಲ್ಲಿ. ಕ್ಲಾಸ್ ಇರಲಿಲ್ಲ. ಹೆಡ್‌ಫೋನು ಒರೆಸ್ತಾ ಇದ್ದೆ."

"ಯಾರಾದ್ರೂ ನೋಡಿದಾರಾ?"

"ಹೆಡ್‌ಫೋನುಗಳು ನೋಡಿವೆ."

"ತಮಾಷೆ ಬೇಡ. ಪ್ರಿನ್ಸಿಪಾಲರ ಜೊತೆ ಜಗಳ ಆಗಿತ್ತಾ, ಇಲ್ವಾ?"

"ಆಗಿತ್ತು. ಕನ್ನಡದಲ್ಲಿ ವಿವರಿಸಿ ಇಂಗ್ಲಿಷ್ ಕಲಿಸ್ತೀನಿ ಅಂತ ನಾನು, ಸಂಸ್ಥೆಯೊಳಗೆ ಕನ್ನಡದ ಸೊಲ್ಲೇ ಎತ್ತಬಾರದು ಅಂತ ಅವರು. ಅಷ್ಟಕ್ಕೆ ಯಾರಾದ್ರೂ ತಲೆ ಒಡೀತಾರಾ ಸರ್?"

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಮುಂದಕ್ಕೆಳೆದ. ಇಷ್ಟು ದಿನ ಮುಷ್ಟಿಯಲ್ಲಿಟ್ಟುಕೊಂಡಿದ್ದ ಸಾಕ್ಷ್ಯವನ್ನು ಬಿಚ್ಚುವ ಹೊತ್ತು ಬಂದಿತ್ತು. ಬೆಕ್ಕು ಇಲಿಯ ಮೇಲಿಂದ ಪಂಜ ಎತ್ತುವ ಮುಂಚೆ ಒಂದು ಕ್ಷಣ ಸುಮ್ಮನಿರುತ್ತದಲ್ಲ, ಹಾಗೆ ಸುಮ್ಮನಿದ್ದ.

"ನಿಮ್ಮ ರಿಸೆಪ್ಶನಿಸ್ಟ್ ಹುಡುಗಿ ಮುಂದಿನ ಮೇಜಿನಲ್ಲಿದ್ದಳು. ಕಾರಿಡಾರಿನ ಕೊನೆಯಲ್ಲಿ ಪ್ರಿನ್ಸಿಪಾಲರ ಕೋಣೆ. ಆ ಕಡೆಯಿಂದ ಒಂದು ಮಾತು ಕೇಳಿಸಿತಂತೆ. 'ಐ ಆಮ್ ಕಮಿಂಗ್, ಸರ್' ಅಂತ. ಆಮೇಲೆ ಬಾಗಿಲ ಸದ್ದು. ಅದೇ ಗಳಿಗೆಗೆ ಅವಳು ಎದ್ದು ಅಂಗಡಿಗೆ ಹೋದಳು. ವಾಪಸ್ ಬಂದು ನೋಡಿದರೆ ಹೆಣ."

"ಯಾರ ಧ್ವನಿ ಅಂತೆ?"

"ದಪ್ಪ ಧ್ವನಿ. ಗಂಡಸಿನ ಧ್ವನಿ. ಮೇಷ್ಟ್ರದ್ದೇ ಇರಬೇಕು, ಇನ್ಯಾರಿದ್ರು ಅಲ್ಲಿ, ಅಂದಳು. ನೀವು ಪ್ರಿನ್ಸಿಪಾಲರ ಕೋಣೆಯೊಳಗೆ ಹೋದ್ರಿ ಮೇಷ್ಟ್ರೇ. 'ಬಂದೆ ಸರ್' ಅಂತ ಹೇಳಿಯೇ ಹೋದ್ರಿ. ಇದರಲ್ಲಿ ಏನಾದ್ರೂ ತಪ್ಪಿದ್ರೆ ತಿದ್ದಿ, ನಾನೂ ಕಲೀತೀನಿ."

ಮೇಷ್ಟ್ರು ತಲೆ ಎತ್ತಿದ. ಹೆದರಿಕೆ ಇರಬೇಕಾದ ಮುಖದಲ್ಲಿ ಬೇರೇನೋ ಕಂಡಿತು. ಕರಿಹಲಗೆಯ ಮೇಲೆ ತಪ್ಪು ವಾಕ್ಯ ಕಂಡ ಮೇಷ್ಟ್ರ ಕುತೂಹಲ.

"ಸರ್, ಪ್ರಿನ್ಸಿಪಾಲರು ಕರೆದದ್ದು ಆ ಹುಡುಗಿಗೆ ಕೇಳಿಸಿತಂತಾ?"

"ಇಲ್ಲ."

"ಗಂಟೆ ಹೊಡೆದದ್ದು?"

"ಇಲ್ಲ."

"ಹಾಗಾದ್ರೆ ಯೋಚನೆ ಮಾಡಿ. ಕರೆದಾಗ ತಾನೇ 'ಐ ಆಮ್ ಕಮಿಂಗ್' ಅನ್ನೋದು? ಕರೆಯದೆ ಬಂದವನು ಬಾಗಿಲಲ್ಲಿ ನಿಂತು 'ಮೇ ಐ ಕಮ್ ಇನ್' ಅಂತಾನೆ. ಕರೆದವರೇ ಇಲ್ಲ, ಆದ್ರೂ ಒಬ್ಬರು 'ಬರ್ತಾ ಇದೀನಿ' ಅಂತಾರೆ. ಹಾಗೆ ಹೇಳೋರು ಯಾರು?"

"ನೀವೇ ಹೇಳಿ."

"ಹೊರಡುವವರು ಸರ್!" ಮೇಷ್ಟ್ರು ಕೋಳವನ್ನು ಮರೆತು ಕೈ ಎತ್ತಲು ಹೋದ, ಸರಪಳಿ ಝಣ ಎಂದಿತು. "ನಾವು ಯಾರ ಮನೆಯಿಂದ ಹೊರಟ್ರೂ ಏನಂತೀವಿ? 'ಬರ್ತೀನಿ' ಅಂತೀವಿ. 'ಹೋಗ್ತೀನಿ' ಅಂದ್ರೆ ಅಜ್ಜಿ ಬೈತಿದ್ಲು. ಹೋಗೋದು ಅಂದ್ರೆ ನಮ್ಮಲ್ಲಿ ಒಂದೇ ಸಲ ಹೋಗೋದು. ಪ್ರಿನ್ಸಿಪಾಲರು ಹೋದ್ರು ಅಂದ್ರೆ ಏನರ್ಥ? ಅದಕ್ಕೇ ಹೋಗುವವರೂ ಬರ್ತೀನಿ ಅಂತಾರೆ. ಅದನ್ನೇ ಹಾಗ್ಹಾಗೇ ಇಂಗ್ಲಿಷಿಗೆ ತಿರುಗಿಸಿದ್ರೆ..."

"ಐ ಆಮ್ ಕಮಿಂಗ್," ಎಂದ ದಫೇದಾರ ಗೋಡೆಗೊರಗಿಕೊಂಡು.

"ಅಷ್ಟೇ! ಇಂಗ್ಲಿಷಿನವನ ಕಿವಿಗೆ ಅದು ಬರುವ ಮಾತು. ನಮ್ಮವರ ಬಾಯಿಗೆ ಹೋಗುವ ಮಾತು. ಆ ಹುಡುಗಿ ಕಾನ್ವೆಂಟಿನಲ್ಲಿ ಓದಿದವಳು, ಕೇಳಿದ ಹಾಗೇ ಅರ್ಥ ಮಾಡ್ಕೊಂಡಳು. ಸರ್, ಆ ಸಂಜೆ ಯಾರೂ ಕೋಣೆಯೊಳಗೆ ಹೋಗ್ಲಿಲ್ಲ. ಒಬ್ಬರು ಹೊರಗೆ ಬಂದ್ರು. ಅದೂ ಪ್ರಿನ್ಸಿಪಾಲರಿಗೆ ಹೇಳಿ ಬಂದ್ರು. ಅಂದ್ರೆ ಆಗ ಅವರು ಬದುಕಿದ್ರು! ಈ ತಪ್ಪು ಮಾಡೋದು ನಾನಲ್ಲ. ಎಷ್ಟು ಸಲ ತಿದ್ದಿದ್ರೂ ಇದೇ ತಪ್ಪು ಮಾಡೋದು ನನ್ನ ಕ್ಲಾಸಿನಲ್ಲಿ ಒಬ್ಬರೇ..."

ಅಲ್ಲಿಗೆ ನಿಂತ.

ನಿಂತದ್ದು ಹೇಗೆಂದರೆ, ಓಡುತ್ತಿದ್ದವನು ಬಾವಿಯ ಅಂಚು ಕಂಡು ನಿಂತ ಹಾಗೆ. ಅವನು ಇನ್‌ಸ್ಪೆಕ್ಟರನ ಮುಖವನ್ನು ಒಂದು ಗಳಿಗೆ ನೋಡಿ ಕಣ್ಣು ಕೆಳಗೆ ಹಾಕಿದ.

"ಒಬ್ಬರೇ ಅಂದ್ರೆ? ಯಾರು?"

ಮೇಷ್ಟ್ರು ಉಗುರಿನ ಸಂದಿಯ ಸೀಮೆಸುಣ್ಣ ಕೆರೆಯತೊಡಗಿದ.

"ಮೇಷ್ಟ್ರೇ, ಕೇಳಿದ್ದು ನಿಮ್ಮನ್ನ."

"ಮರೆತುಹೋಯ್ತು."

"ವ್ಯಾಕರಣ ಮರೆಯಲ್ಲ, ಮನುಷ್ಯರನ್ನ ಮರೀತೀರಾ?"

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಎಷ್ಟೋ ಕಳ್ಳರ ಮೌನವನ್ನು ಇನ್‌ಸ್ಪೆಕ್ಟರ್ ಕಂಡಿದ್ದ. ಹೆದರಿದವರ ಮೌನ ಬೆವರುತ್ತದೆ, ಸುಳ್ಳು ಹುಡುಕುವವರ ಮೌನ ಚಡಪಡಿಸುತ್ತದೆ. ಇದು ಎರಡೂ ಅಲ್ಲ. ಈ ಮೌನ ಯಾರನ್ನೋ ಬೆನ್ನ ಹಿಂದೆ ನಿಲ್ಲಿಸಿಕೊಂಡು ನಿಂತಿತ್ತು.

ಕಡೆಗೆ ಮೇಷ್ಟ್ರು ಬಾಯಿ ಬಿಟ್ಟ. "ನಾನೇ ಹೇಳಿದ್ದು ಅಂತ ಬರ್ಕೊಳ್ಳಿ ಸರ್. ನಾನೇ ಒಳಗೆ ಹೋದೆ. ಎಲ್ಲಿ ಹೇಳ್ತೀರೋ ಅಲ್ಲಿ ಸಹಿ ಹಾಕ್ತೀನಿ."

"ಈಗ ತಾನೇ ಅಲ್ಲ ಅಂದ್ರಲ್ಲ?"

"ಪಾಠ ಮಾಡೋ ಚಟ. ಬಿಟ್ಟುಬಿಡಿ."

ಇನ್‌ಸ್ಪೆಕ್ಟರ್ ಎದ್ದು ಕಿಟಕಿಯ ಬಳಿ ಹೋದ. ಹೊರಗೆ ಬಿಸಿಲು ರಸ್ತೆಯ ಮೇಲೆ ಬಿದ್ದಿತ್ತು. ಸೈಕಲ್ ರಿಪೇರಿಯವನು ಒಂದು ಚಕ್ರವನ್ನು ತಿರುಗಿಸಿ ಬಿಟ್ಟು ನೋಡುತ್ತ ಕೂತಿದ್ದ. ಆ ಚಕ್ರ ನಿಲ್ಲುವುದರೊಳಗೆ ಇನ್‌ಸ್ಪೆಕ್ಟರಿಗೆ ತಿಳಿಯಿತು.

ಅವನ ಮನೆಯ ಹೊಸ್ತಿಲು. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ, ಕಲಿತದ್ದನ್ನು ಗಂಡನ ಮೇಲೆ ಪ್ರಯೋಗಿಸುವ ಖುಷಿಯಲ್ಲಿ, "ರೀ, ಐ ಆಮ್ ಕಮಿಂಗ್!" ಎನ್ನುತ್ತಿದ್ದಳು. ಅದರಲ್ಲಿ ತಪ್ಪೇನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಪೇಪರಿನಿಂದ ತಲೆ ಎತ್ತದೆ, "ಓಕೆ, ಕಮ್" ಎನ್ನುತ್ತಿದ್ದ. ಒಬ್ಬಳು ಬರ್ತೀನಿ ಎಂದು ಹೋಗುವುದು, ಒಬ್ಬ ಬಾ ಎಂದು ಕಳಿಸುವುದು. ಗಂಡಹೆಂಡಿರ ಇಂಗ್ಲಿಷ್ ಸರಿಯಾಗಿಯೇ ನಡೆದಿತ್ತು.

ದಪ್ಪ ಧ್ವನಿ ಎಂದಿದ್ದಳು ರಿಸೆಪ್ಶನಿಸ್ಟ್. ಅವನ ಹೆಂಡತಿ ಫೋನ್ ಎತ್ತಿದರೆ ಆ ಕಡೆಯವರು "ಸರ್" ಎನ್ನುವುದು ಮನೆಯಲ್ಲಿ ಹಳೆಯ ನಗೆ.

ಆ ಸಂಜೆ ಅವಳು ಅಕ್ಕನ ಮನೆಗೆ ಹೋಗಿದ್ದೆ ಎಂದಿದ್ದಳು.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅವನ ಕಣ್ಣಿಗೆ ಹೆಣವಾಗಲಿ ಹಿತ್ತಾಳೆಯ ಟ್ರೋಫಿಯಾಗಲಿ ಕಾಣಲಿಲ್ಲ. ಕಂಡದ್ದು ಒಂದೇ: ಕೋಳ ಹಾಕಿಸಿಕೊಂಡು ಕೂತ ಈ ಸಣಕಲು ಮನುಷ್ಯ, ಅವಳ ಹೆಸರು ಹೊರಗೆ ಬಾರದಿರಲೆಂದು ಕೊಲೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳಲು ತಯಾರು. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗಾಗಿ ತಾನು ಏನು ಹೊತ್ತಿದ್ದೆ? ಸಂತೆಯ ಚೀಲವನ್ನೂ ಹೊತ್ತಿರಲಿಲ್ಲ.

ಅವನು ದಡದಡ ಹೊರಗೆ ಬಂದ. ಹಿಂದೆಯೇ ದಫೇದಾರ.

"ಸಾರ್, ಮೇಲಿಂದ ಫೋನ್ ಬಂದಿತ್ತು. ಮಧ್ಯಾಹ್ನದೊಳಗೆ ಕೋರ್ಟಿಗೆ ಹಾಜರುಪಡಿಸಬೇಕಂತೆ."

"ಹೂಂ."

"ಒಪ್ಪಿಕೊಂಡನಲ್ಲ, ಬರೆಸಿಕೊಂಡು ಮುಗಿಸಿಬಿಡೋಣ. ಹಣ್ಣು ತಾನಾಗೇ ಉದುರಿದ ಮೇಲೆ ಮರ ಯಾಕೆ ಹತ್ತಬೇಕು?"

"ಅವನು ಸುಳ್ಳು ಹೇಳ್ತಿದ್ದಾನೆ."

"ಹೇಳಲಿ ಬಿಡಿ ಸಾರ್. ನಿಜ ಹೇಳಿ ಉದ್ಧಾರ ಆದವರು ನಮ್ಮ ಠಾಣೆಯಲ್ಲಿ ಯಾರಿದ್ದಾರೆ?" ದಫೇದಾರ ಧ್ವನಿ ತಗ್ಗಿಸಿದ. "ಅತ್ತಿಗೆ ಅಲ್ಲೇ ಕಲೀತಾರೆ ಅನ್ನೋದು ನನಗೊಬ್ಬನಿಗೇ ಗೊತ್ತಿರೋದು. ನನ್ನ ಬಾಯಿಂದ ಹೊರಗೆ ಬರಲ್ಲ. ಕೇಸ್ ಇಲ್ಲಿಗೇ ನಿಂತ್ರೆ ಮನೆ ಮರ್ಯಾದೆಗೂ ಒಳ್ಳೇದು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎರಡೂ ಆಗುವ ದಾರಿ ಕಾಲ ಬುಡದಲ್ಲೇ ಇತ್ತು. ಮೇಷ್ಟ್ರು ತಾನಾಗಿ ಸಹಿ ಹಾಕುತ್ತಾನೆ. ಹೆಂಡತಿಯ ಹೆಸರು ಎಲ್ಲೂ ಬರುವುದಿಲ್ಲ. ನಾಳೆಯಿಂದ ಮನೆಯಲ್ಲಿ 'ನಮ್ಮ ಮೇಷ್ಟ್ರು' ಇರುವುದಿಲ್ಲ. ಅವಳು ಅಳಬಹುದು. ಅಳಲಿ. ಯಾರಿಗಾಗಿ ಅಳುತ್ತಾಳೆಂದು ಆಗಲಾದರೂ ತಿಳಿಯುತ್ತದೆ.

ಆ ಕೊನೆಯ ಯೋಚನೆ ಬಂದಾಗ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಹೆಂಡತಿಯ ಕಣ್ಣೀರಿನ ಬೆಲೆ ನೋಡಲು ಒಬ್ಬನನ್ನು ಗಲ್ಲಿಗೆ ಕಳಿಸುವುದೆ?

ಇನ್ನೊಂದೂ ನೆನಪಾಯಿತು. ಪ್ರಿನ್ಸಿಪಾಲರ ಕುರ್ಚಿಯ ಹಿಂದೆ ಒಂದು ಪರದೆ. ಪರದೆಯ ಹಿಂದೆ ಕೈ ತೊಳೆಯುವ ಜಾಗ. ಅಲ್ಲಿಂದ ಹಿಂದಿನ ಕಬ್ಬಿಣದ ಮೆಟ್ಟಿಲಿಗೆ ಒಂದು ಬಾಗಿಲು. ಹೆಣ ನೋಡಲು ಹೋದ ದಿನ ಆ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅದನ್ನು ಅವನು ನೋಡಿದ್ದ. ನೋಡಿ, ಅದು ಮೇಷ್ಟ್ರ ಕಡೆಗೆ ಬೆರಳು ತೋರಿಸದ ಕಾರಣಕ್ಕೆ ಅಲ್ಲೇ ಬಿಟ್ಟು ಬಂದಿದ್ದ.

ಮನೆಗೆ ಫೋನ್ ಮಾಡಿದ. "ಠಾಣೆಗೆ ಬಾ."

ಅವಳು ಯಾಕೆಂದು ಕೇಳಲಿಲ್ಲ. "ಬಂದೆ," ಎಂದಳು. ಫೋನಿನ ಪಕ್ಕದಲ್ಲೇ ಕೂತಿದ್ದಳೇನೋ ಎನ್ನುವಷ್ಟು ಬೇಗ ಬಂತು ಆ ಮಾತು.

ಬಂದವಳು ಕುರ್ಚಿಯ ತುದಿಯಲ್ಲಿ ಕೂತಳು. ಅವಸರದಲ್ಲಿ ಬಂದಿದ್ದಳು, ಕೈಯಲ್ಲಿ ಇನ್ನೂ ಸೋಪಿನ ವಾಸನೆಯಿತ್ತು. ಇನ್‌ಸ್ಪೆಕ್ಟರ್ ಬಾಗಿಲು ಮುಚ್ಚಿಸಲಿಲ್ಲ. ದಫೇದಾರನನ್ನು ಕರೆದು ಮೇಜಿನ ಕೊನೆಯಲ್ಲಿ ಕೂರಿಸಿದ. "ಹೇಳಿಕೆ ಬರ್ಕೋ."

"ಅತ್ತಿಗೆಯದ್ದಾ?" ದಫೇದಾರ ಒಮ್ಮೆ ಇವನನ್ನು, ಒಮ್ಮೆ ಅವಳನ್ನು ನೋಡಿದ. "ಸಾರ್, ಬೇಕಾ ಇದು?"

"ಬರ್ಕೋ ಅಂದೆ."

ಆಮೇಲೆ ಹೆಂಡತಿಯ ಕಡೆ ತಿರುಗಿದ. "ಆ ಸಂಜೆ ಪ್ರಿನ್ಸಿಪಾಲರ ಕೋಣೆಯಲ್ಲಿ ಇದ್ದೆಯಾ?"

"ಇದ್ದೆ."

ಎಷ್ಟು ಸಲೀಸಾಗಿ ಅಂದಳು! ಅವನು ತಯಾರಾಗಿದ್ದದ್ದು ಸುಳ್ಳಿಗೆ.

"ಅಕ್ಕನ ಮನೆ ಅಂದೆ."

"ಅಂದೆ. ಸುಳ್ಳು ಹೇಳಿದೆ. ಹೋಗುವಾಗಲೂ ಬರುವಾಗಲೂ ಮುಂದಿನ ಮೇಜು ಖಾಲಿ ಇತ್ತು, ಯಾರೂ ನೋಡಿರ್ಲಿಲ್ಲ. ಮೇಷ್ಟ್ರನ್ನ ಇವತ್ತು ಬಿಡ್ತೀರಿ, ನಾಳೆ ಬಿಡ್ತೀರಿ ಅಂತ ಕಾಯ್ತಾ ಇದ್ದೆ. ಇವತ್ತು ನೀವು ಕರೀದಿದ್ರೂ ನಾನೇ ಬರ್ತಿದ್ದೆ."

"ಯಾಕೆ ಹೋಗಿದ್ದೆ?"

"ನನ್ನ ಬ್ಯಾಚ್ ಬದಲಾಯಿಸಿ ಅಂತ ಕೇಳೋದಕ್ಕೆ. ಈ ಮೇಷ್ಟ್ರ ಕ್ಲಾಸ್ ಬೇಡ, ಬೇರೆಯವರ ಹತ್ತಿರ ಹಾಕಿ ಅಂತ."

ಇನ್‌ಸ್ಪೆಕ್ಟರ್ ತಬ್ಬಿಬ್ಬಾದ. "ಯಾಕೆ? ಅವನೇನಾದ್ರೂ..."

"ಛೆ. ಅವರು ಏನೂ ಮಾಡ್ಲಿಲ್ಲ, ಏನೂ ಅನ್ಲಿಲ್ಲ."

"ಮತ್ತೆ ಯಾಕೆ?"

ಅವಳು ಕೈ ನೋಡಿಕೊಂಡಳು. ಆ ಮೌನ ಒಳಗಿನ ಕೋಣೆಯಲ್ಲಿ ಕೂತವನ ಮೌನದ ಜೊತೆಗೆ ಹುಟ್ಟಿದ ಹಾಗಿತ್ತು. ಗಂಡನ ಮುಖ ಸಣ್ಣದಾಗುವುದನ್ನು ನೋಡಲಾರದೆ ಬ್ಯಾಚ್ ಬಿಡಹೊರಟಳೆ? ಅಥವಾ ಬಿಡದಿದ್ದರೆ ತನ್ನ ಕಾಲು ಎತ್ತ ಹೋಗುತ್ತದೋ ಎಂದು ಹೆದರಿದಳೆ? ಮೊದಲನೆಯದಾದರೆ ಅವನು ಗೆದ್ದಿದ್ದ. ಎರಡನೆಯದಾದರೆ, ಏನೂ ನಡೆಯದೆಯೇ ಸೋತಿದ್ದ.

"ಅದು ಗಂಡ ಕೇಳೋ ಪ್ರಶ್ನೆ," ಎಂದಳು ಕೊನೆಗೆ. "ಮನೇಲಿ ಕೇಳಿ. ಇಲ್ಲಿ ಪೊಲೀಸಿನವರು ಕೇಳೋದನ್ನ ಕೇಳಿ."

ಅವನು ಗಂಡನ ಪ್ರಶ್ನೆಯನ್ನು ಬದಿಗಿಟ್ಟು ಪೊಲೀಸಿನ ಪ್ರಶ್ನೆ ಕೇಳಿದ.

"ನೀನು ಹೊರಟಾಗ ಪ್ರಿನ್ಸಿಪಾಲರು?"

"ಚೆನ್ನಾಗೇ ಇದ್ರು. ಆಗಲಿ ಕಣಮ್ಮ, ಬದಲಾಯಿಸೋಣ ಅಂದ್ರು. ನಾನು ಎದ್ದು 'ಐ ಆಮ್ ಕಮಿಂಗ್, ಸರ್' ಅಂದೆ. ಅವರು ನಕ್ಕುಬಿಟ್ರು." ಅವಳ ಕಣ್ಣು ತುಂಬಿತು. "ಅಷ್ಟರಲ್ಲಿ ಪರದೆ ಹಿಂದಿನಿಂದಲೂ ಒಂದು ನಗು ಕೇಳಿಸ್ತು."

ಇನ್‌ಸ್ಪೆಕ್ಟರ್ ನೆಟ್ಟಗೆ ಕೂತ. "ಪರದೆ ಹಿಂದೆ? ಯಾರು?"

"ನೋಡ್ಲಿಲ್ಲ. ಗಂಡಸು. ನಲ್ಲಿ ಬಿಟ್ಕೊಂಡು ಕೈ ತೊಳೀತಿದ್ರು. ನೀರಿನ ಸದ್ದಿನಲ್ಲಿ ಧ್ವನಿ ಗುರುತು ಸಿಗ್ಲಿಲ್ಲ. 'ಕಮ್ ಅಲ್ಲ, ಗೋ' ಅಂದ್ರು. ಸುಮ್ನೆ ಅಲ್ಲ..." ಅವಳು ತಡೆದಳು. "ನನ್ನನ್ನ ಒಂದು ಹೆಸರು ಹಿಡಿದು ಕರೆದು ಅಂದ್ರು."

"ಯಾವ ಹೆಸರು?"

ಅವಳು ಗಂಡನನ್ನೇ ನೋಡಿದಳು. "ನಿಮಗೆ ಗೊತ್ತಿರೋದು. ನೀವು ಇಟ್ಟಿದ್ದು. ಮನೇಲಿ ಯಾರೂ ಇಲ್ಲದಾಗ ಕರೀತೀರಲ್ಲ, ಆ ಹೆಸರು. ಕಿವಿ ತಪ್ಪು ಕೇಳಿರಬೇಕು ಅಂದ್ಕೊಂಡು ಹೊರಗೆ ಬಂದ್ಬಿಟ್ಟೆ. ಆಮೇಲೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ."

ಇಷ್ಟು ದಿನ ಹೊಟ್ಟೆಕಿಚ್ಚಿಗೆ ಒಂದು ಮುಖವಿತ್ತು, ಸವೆದ ಕಾಲರಿತ್ತು. ಈಗ ಮುಖವಿಲ್ಲದ ಇನ್ನೊಬ್ಬ ಎದ್ದು ನಿಂತ. ಆ ಹೆಸರು ಅವನ ಕಿವಿಗೆ ಹೇಗೆ ಬಿತ್ತು? ಅವಳೇ ಹೇಳಿದಳೆ? ಇಲ್ಲ, ಅವಳ ಮುಖ ಹಾಗೆ ಹೇಳುತ್ತಿಲ್ಲ. ಗೋಡೆಯ ಆಚೆ ನಿಂತು ಕೇಳಿದ್ದೆ? ಎಷ್ಟು ದಿನದಿಂದ ನಿಂತಿದ್ದ?

ಆ ಹೆಸರನ್ನು ಸರ್ಕಾರದ ಕಾಗದದ ಮೇಲೆ ಇಳಿಸಲು ಅವನಿಗೆ ಮನಸ್ಸಾಗಲಿಲ್ಲ.

"ಒಂದು ಅಡ್ಡಹೆಸರಿನಿಂದ ಕರೆದರು ಅಂತ ಬರ್ಕೋ, ಸಾಕು," ಎಂದ ದಫೇದಾರನಿಗೆ. "ಓದಿ ಹೇಳು. ಸಹಿ ಹಾಕ್ಲಿ. ಮೇಷ್ಟ್ರ ಕೋಳ ಬಿಚ್ಚು."

ಬರೆದದ್ದನ್ನು ಸಾಕ್ಷಿಗೆ ಓದಿ ಹೇಳುವುದು ಠಾಣೆಯ ಪದ್ಧತಿ. ದಫೇದಾರ ಹಾಳೆಯನ್ನು ಬೆಳಕಿಗೆ ಹಿಡಿದು, ಸಾವಿರ ಹೇಳಿಕೆ ಓದಿದವರ ಏರಿಳಿತವಿಲ್ಲದ ರಾಗದಲ್ಲಿ ಓದತೊಡಗಿದ.

"...ಪ್ರಿನ್ಸಿಪಾಲರು ಆಗಲಿ ಎಂದರು. ನಾನು ಎದ್ದು ಐ ಆಮ್ ಕಮಿಂಗ್ ಸರ್ ಎಂದೆನು. ಆಗ ಪರದೆಯ ಹಿಂದಿನಿಂದ ಒಬ್ಬ ಗಂಡಸು, 'ಕೋಗಿಲೆ, ಕಮ್ ಅಲ್ಲ, ಗೋ' ಎಂದು ನಗುತ್ತಾ ಹೇಳಿದರು. ನೀರಿನ ಸದ್ದಿನಲ್ಲಿ ಧ್ವನಿಯ ಗುರುತು ಸಿಗಲಿಲ್ಲ..."

ಅವನು ಓದುತ್ತಲೇ ಹೋದ.

ಗಂಡಹೆಂಡಿರು ಅಲುಗಾಡಲಿಲ್ಲ. ದಪ್ಪ ದನಿಯ ಹೆಣ್ಣಿಗೆ ಗಂಡನೊಬ್ಬನೇ ಪ್ರೀತಿಯಿಂದ ಕಟ್ಟಿದ ಆ ಹೆಸರನ್ನು, ಈ ಕೋಣೆಯಲ್ಲಿ ಈವರೆಗೆ ಇಬ್ಬರಲ್ಲಿ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.